ಗಂಟು ಕಟ್ಟಿದವನಿಲ್ಲದಿದ್ದರೂ ಗಂಟು ಬಿಚ್ಚಬೇಕು

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಶೇಂಗಾ ಹೊಲದಲ್ಲಿ ರೈತರೊಬ್ಬರು ಮೊಬೈಲಿನಲ್ಲಿ ಬೆಳೆಯ ಫೋಟೊ ತೆಗೆಯುತ್ತಾರೆ. ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ತುಂಬಿ ‘ಸೇವ್’ ಒತ್ತುತ್ತಾರೆ. ಗುಡ್ಡದ ಮಗ್ಗುಲು, ಸಿಗ್ನಲ್ ಇಲ್ಲ. ಸಂಜೆ ಊರಿಗೆ ಬಂದ ಮೇಲೆ ಆ ವಿವರ ಅಪ್‌ಲೋಡ್ ಆಗುತ್ತದೆ, ಅಥವಾ ಆಗುವುದಿಲ್ಲ. ‘ಮಧ್ಯದ ಆ ಹೊತ್ತಿನಲ್ಲಿ ನನ್ನ ಹೊಲದ ವಿವರ ಎಲ್ಲಿತ್ತು?’ ಎನ್ನುವುದು ಈ ಅಂಕಣಕ್ಕೆ ಮೇಲಿಂದ ಮೇಲೆ ಬರುವ ಪ್ರಶ್ನೆ. ಅದರ ಬೆನ್ನಿಗೇ ಸಹಕಾರ ಸಂಘಗಳ ಕಡೆಯಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋದರೆ ಹಳೆಯ ಲೆಕ್ಕ ನಮ್ಮ ಕೈಗೆ ಸಿಗುತ್ತದೆಯೇ?’ ಎರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಅವುಗಳ ಬೇರು ಒಂದೇ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟಿತು. ಅಂದಿನಿಂದ ಫೋನಿನಲ್ಲಿ ಉಳಿಯುವ ನಾಲ್ಕು ಸಾಲಿನ ವಿವರಕ್ಕೆ ದೊಡ್ಡ ಬೆಲೆ ಬಂದಿದೆ. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ವಿಮೆಯ ಹಣ ನಿಲ್ಲುತ್ತದೆ. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದು ಒಂದು ವರ್ಷದ ಬದುಕಿನ ಪ್ರಶ್ನೆ.

ಮೊದಲು ಇಡುವ ಬಗೆಯನ್ನು ನೋಡೋಣ. ಪ್ರೋಗ್ರಾಮ್ ಓಡುವಾಗ ಒಂದು ಜಮೀನಿನ ಎಲ್ಲ ಸಂಗತಿಯೂ ಕಂಪ್ಯೂಟರಿನ ಅಥವಾ ಫೋನಿನ ಮೆಮೊರಿಯಲ್ಲಿ ಒಂದೇ ಕಟ್ಟಾಗಿ ಕೂತಿರುತ್ತದೆ: ಹೆಸರು, ಅಳತೆ, ಬೆಳೆ, ಸಾಲದ ಕೊಂಡಿ, ಫೋಟೊ. ಪ್ರೋಗ್ರಾಮರುಗಳು ಇದನ್ನು ಆಬ್ಜೆಕ್ಟ್ ಎನ್ನುತ್ತಾರೆ, ನಾವು ಗಂಟು ಎನ್ನೋಣ. ಆ್ಯಪ್ ಮುಚ್ಚಿದೊಡನೆ ಮೆಮೊರಿ ಬರಿದಾಗುತ್ತದೆ, ಗಂಟು ಕರಗುತ್ತದೆ. ಅದು ಉಳಿಯಬೇಕಾದರೆ ಯಾರಾದರೂ ಅದನ್ನು ಡಿಸ್ಕಿನ ಮೇಲೆ ಬರೆದಿಡಬೇಕು. ಬರೆದಿಡುವ ಅತಿ ಸರಳ ಜಾಗವೆಂದರೆ ಕೀ-ವ್ಯಾಲ್ಯೂ ಸ್ಟೋರ್. ನಾಯಕನಹಟ್ಟಿ ಜಾತ್ರೆಯಂಥ ನೂಕುನುಗ್ಗಲಿನಲ್ಲಿ ಚಪ್ಪಲಿ ಕಾಯುವವರ ಬಳಿ ಚಪ್ಪಲಿ ಕೊಟ್ಟು ಟೋಕನ್ ಪಡೆಯುವುದನ್ನು ನೆನೆಯಿರಿ. ಟೋಕನ್ ಕೊಟ್ಟರೆ ನಿಮ್ಮ ಚಪ್ಪಲಿ ಬರುತ್ತದೆ. ಕಾಯುವವರಿಗೆ ಚಪ್ಪಲಿಯ ಅಳತೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದಕ್ಕೇ ಅವರ ಕೈ ಅಷ್ಟು ಚುರುಕು. ಆದರೆ ‘ಎಂಟನೇ ಸೈಜಿನ ಚಪ್ಪಲಿಗಳನ್ನೆಲ್ಲ ತನ್ನಿ’ ಎಂದರೆ ಅವರು ಸುಮ್ಮನೆ ನಿಲ್ಲುತ್ತಾರೆ. ಕೀ-ವ್ಯಾಲ್ಯೂ ಸ್ಟೋರಿನ ಶಕ್ತಿಯೂ ಮಿತಿಯೂ ಇಷ್ಟೇ. ಕೀಲಿ ಕೊಟ್ಟರೆ ಗಂಟು ಕೊಡುತ್ತದೆ, ಗಂಟಿನೊಳಗೆ ಏನಿದೆ ಎಂದು ಅದಕ್ಕೆ ತಿಳಿಯದು. ಹಾಗಾಗಿ ಗಂಟು ಕಟ್ಟುವ, ಬಿಚ್ಚುವ, ಯಾವ ಕೀಲಿ ಯಾವುದಕ್ಕೆ ಎಂದು ನೆನಪಿಡುವ ಹೊಣೆಯೆಲ್ಲ ಪ್ರೋಗ್ರಾಮಿನ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಹೊರಲು ಯಾರೋ ಮೊದಲೇ ಬರೆದು, ಎಲ್ಲರೂ ನೋಡಲಿ ಬಳಸಲಿ ಎಂದು ಬಿಟ್ಟುಕೊಟ್ಟ ಕೋಡಿನ ಕಟ್ಟೇ ಓಪನ್ ಸೋರ್ಸ್ ಲೈಬ್ರರಿ.

ಒಂದು ನಿಜವಾದ ಲೈಬ್ರರಿಯನ್ನೇ ಬಿಚ್ಚಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ರೆಡಿಸ್ ಎಂಬ ಸ್ಟೋರನ್ನು ಹೊರತಂದರು. ‘ದೂರದಲ್ಲಿರುವ ನಿಘಂಟು ಸರ್ವರ್’ ಎಂಬರ್ಥದ ಇಂಗ್ಲಿಷ್ ಹೆಸರನ್ನು ಮೊಟಕುಮಾಡಿದ ಹೆಸರು ಅದು. ನಿಘಂಟು ಎಂದದ್ದು ಸರಿಯಾಗಿಯೇ ಇದೆ. ಪದ ಕೀಲಿ, ಅರ್ಥ ಗಂಟು. 1894ರ ಕಿಟೆಲ್ ನಿಘಂಟಿನಿಂದ ಹಿಡಿದು ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕಟ್ಟಿದ, ಈಗ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗುವ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನವರೆಗೆ ಇದೇ ಕ್ರಮ. ರೆಡಿಸ್ ಮೇಲೆ ಆಬ್ಜೆಕ್ಟುಗಳನ್ನು ಇಡಲು ರೂಬಿ ಭಾಷೆಯ ಪ್ರೋಗ್ರಾಮರುಗಳು ಬರೆದ ಸಣ್ಣ ಲೈಬ್ರರಿಯ ಹೆಸರು ಓಮ್. ಅದು ಜಮೀನಿನ ಗಂಟನ್ನು ಹೇಗೆ ಇಡುತ್ತದೆ ಎಂಬುದನ್ನು, ಅರ್ಥವಾಗಲೆಂದು ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿ, ಹೇಳುತ್ತೇನೆ. ಮೊದಲು ಒಂದು ಎಣಿಕೆಯಿಂದ ಹೊಸ ಸಂಖ್ಯೆ ಪಡೆಯುತ್ತದೆ, 7 ಎನ್ನಿ. ‘ಜಮೀನು:7’ ಎಂಬ ಕೀಲಿಯ ಕೆಳಗೆ ಬೆಳೆ ಶೇಂಗಾ, ವಿಸ್ತೀರ್ಣ 3 ಎಕರೆ ಎಂದು ಬಿಡಿಬಿಡಿಯಾಗಿ, ಸಾದಾ ಅಕ್ಷರಗಳಲ್ಲಿ ಬರೆಯುತ್ತದೆ. ಜಮೀನುಗಳ ಒಟ್ಟು ಪಟ್ಟಿಗೆ 7 ಸೇರಿಸುತ್ತದೆ. ಬೆಳೆಯ ಮೇಲೆ ಹುಡುಕಬೇಕೆಂದು ಮೊದಲೇ ಹೇಳಿದ್ದರೆ ‘ಬೆಳೆ:ಶೇಂಗಾ’ ಎಂಬ ಇನ್ನೊಂದು ಪಟ್ಟಿಗೂ 7 ಸೇರಿಸುತ್ತದೆ. ಹೇಳಿರದಿದ್ದರೆ ಆಮೇಲೆ ‘ಶೇಂಗಾ ಹೊಲಗಳನ್ನೆಲ್ಲ ಕೊಡು’ ಎಂದಾಗ ನೇರವಾಗಿ ತಪ್ಪು ತೋರಿಸುತ್ತದೆ. ಇದ್ದಬದ್ದದ್ದನ್ನೆಲ್ಲ ಜಾಲಾಡಿ ಸುಳ್ಳು ಭರವಸೆ ಕೊಡುವುದಿಲ್ಲ. ಜಮೀನಿನ ಒಡೆಯರೆಂಬ ಬೇರೆ ಗಂಟಿಗೆ ಹೋಗುವ ದಾರಿಯನ್ನು ಅವರ ಗಂಟಿನ ಸಂಖ್ಯೆಯನ್ನಷ್ಟೇ ಬರೆದು ತೋರಿಸುತ್ತದೆ. ನಾಳೆ ಈ ಲೈಬ್ರರಿ ಮರೆಯಾದರೂ, ರೂಬಿ ಭಾಷೆಯೇ ಬಳಕೆ ತಪ್ಪಿದರೂ, ರೆಡಿಸ್ ತೆರೆದು ನೋಡಬಲ್ಲ ಯಾರಾದರೂ ಅರ್ಧ ದಿನದಲ್ಲಿ ಈ ವಿನ್ಯಾಸವನ್ನು ಊಹಿಸಿ ಎಲ್ಲ ಜಮೀನುಗಳನ್ನೂ ಹೊರತೆಗೆಯಬಹುದು. ನಾನು ಹೇಳಬೇಕೆಂದಿರುವುದು ಈ ಒಂದು ಗುಣದ ಬಗ್ಗೆ.

ಎಲ್ಲ ಲೈಬ್ರರಿಗಳಿಗೂ ಈ ಗುಣ ಇಲ್ಲ. ಪೈಥಾನ್ ಭಾಷೆಯ ಜೊತೆಗೇ ಬರುವ ‘ಶೆಲ್ವ್’ ಎಂಬ ಕಪಾಟು ಇದೆ. ಕೀಲಿ ಕೊಟ್ಟು ಯಾವ ಆಬ್ಜೆಕ್ಟನ್ನಾದರೂ ಅದರೊಳಗೆ ಇಡಬಹುದು. ಅದರ ತಳದಲ್ಲಿರುವುದು ಡಿಬಿಎಂ ಕುಲದ ಸ್ಟೋರ್. ಆ ಕುಲದ ಮೊದಲನೆಯದನ್ನು 1979ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದರು. ಇಷ್ಟು ಹಳೆಯ, ಇಷ್ಟು ತೆರೆದ ವಂಶ ಅದು. ಆದರೂ ಶೆಲ್ವ್ ಗಂಟು ಕಟ್ಟುವುದು ಪೈಥಾನಿನದೇ ‘ಪಿಕಲ್’ ಎಂಬ ಕ್ರಮದಲ್ಲಿ. ಪಿಕಲ್ ಆಬ್ಜೆಕ್ಟಿನ ಒಳಗಿನ ವಿವರವನ್ನು ಬರೆಯುತ್ತದೆ. ಆ ವಿವರ ಯಾವ ಬಗೆಯ ಆಬ್ಜೆಕ್ಟಿನದು ಎಂಬುದಕ್ಕೆ ಕೋಡಿನೊಳಗಿನ ಒಂದು ಹೆಸರನ್ನಷ್ಟೇ ಬರೆದಿಡುತ್ತದೆ. ಮುಂದೆ ಪ್ರೋಗ್ರಾಮರ್ ಆ ಹೆಸರು ಬದಲಿಸಿದರೆ ಅಥವಾ ಆ ಕಡತವನ್ನು ಬೇರೆ ಕಡೆ ಸರಿಸಿದರೆ ಹಳೆಯ ಗಂಟು ಬಿಚ್ಚುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಯಾರೋ ಕೇಡಿಗರು ಕಟ್ಟಿಕೊಟ್ಟ ಗಂಟು ಬಿಚ್ಚಿದರೆ ಅದರೊಳಗಿನ ಆಜ್ಞೆಗಳು ನಮ್ಮ ಕಂಪ್ಯೂಟರಿನಲ್ಲಿ ನಡೆದುಬಿಡಬಹುದು. ನಂಬಿಕೆಯಿಲ್ಲದ ಕಡೆಯಿಂದ ಬಂದದ್ದನ್ನು ಬಿಚ್ಚಬೇಡಿ ಎಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ಜಾವಾದಲ್ಲೂ ಇದೇ ತೊಂದರೆ ಇದೆ. ಕ್ಲಾಸಿನ ಆವೃತ್ತಿಯ ಸಂಖ್ಯೆ ತಾಳೆಯಾಗದಿದ್ದರೆ ನಿನ್ನೆ ಇಟ್ಟದ್ದು ಇಂದು ತೆರೆಯುವುದಿಲ್ಲ. ಗಮನಿಸಿ, ಇವೆಲ್ಲ ಓಪನ್ ಸೋರ್ಸ್ ಲೋಕದವೇ. ಕೋಡು ತೆರೆದಿರುವುದೊಂದೇ ಸಾಕಾಗುವುದಿಲ್ಲ. ಆ ಕೋಡು ಬರೆದಿಡುವ ಗಂಟೂ, ತನ್ನನ್ನು ಕಟ್ಟಿದ ಕೋಡಿನ ಹಂಗಿಲ್ಲದೆ ಓದಿಸಿಕೊಳ್ಳುವಂತಿರಬೇಕು. ರೈತರ, ಸಂಘಗಳ, ಪಂಚಾಯಿತಿಗಳ ವಿವರ ಇಡುವ ಯಾವ ಸಾಫ್ಟ್‌ವೇರನ್ನಾದರೂ ಒಪ್ಪುವ ಮುನ್ನ ನೋಡಬೇಕಾದ ಮೊದಲ ಸಂಗತಿ ಇದು ಎಂಬುದು ನನ್ನ ವಾದ.

ಈ ವಾದಕ್ಕೆ ಜಗತ್ತಿನಲ್ಲೇ ಅಪರೂಪದ ಸಾಕ್ಷಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕನ ಕಿರು ಬಂಡೆ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ ಅದು. ಒಂದೇ ಸಂದೇಶ ಹತ್ತಿರ ಹತ್ತಿರದ ಮೂರು ಕಡೆ. ಜಟಿಂಗ ರಾಮೇಶ್ವರದ್ದು ಬಹಳ ಸವೆದುಹೋಗಿದೆ, ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದು. ಅಮೆಜಾನಿನ ಎಂಜಿನಿಯರುಗಳು ‘ಡೈನಮೊ’ ಎಂಬ ತಮ್ಮ ಕೀ-ವ್ಯಾಲ್ಯೂ ಸ್ಟೋರಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದಲ್ಲೂ ಪ್ರತಿ ಗಂಟನ್ನು ಸಾಮಾನ್ಯವಾಗಿ ಮೂರು ಕಡೆ ಇಡುವ ಮಾತಿದೆ. ಉಳಿಸುವುದೊಂದನ್ನೇ ನೋಡಿದರೆ ಆ ಬಂಡೆಗಳು ಇಂದಿನ ಯಾವ ಡಿಸ್ಕಿಗೂ ಸೋಲುವುದಿಲ್ಲ: ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ, ಬಿಸಿಲು ಮಳೆ ಗಾಳಿಯಲ್ಲಿ. ಆದರೆ ಓದು? ಬ್ರಾಹ್ಮಿ ಲಿಪಿ ನಿಧಾನವಾಗಿ ರೂಪ ಬದಲಿಸುತ್ತ ನಮ್ಮ ಕನ್ನಡ ಲಿಪಿಯೂ ಸೇರಿದಂತೆ ಹಲವು ಲಿಪಿಗಳಾಯಿತು. ಹಳೆಯ ರೂಪವನ್ನು ಓದಬಲ್ಲವರು ಮಾತ್ರ ಯಾರೂ ಉಳಿಯಲಿಲ್ಲ. ಶತಮಾನಗಳ ಕಾಲ ಬಂಡೆಯ ಮೇಲಿನ ಅಕ್ಷರಗಳು ಎದುರಿಗೇ ಇದ್ದವು, ಅರ್ಥ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕ ಚಿಕ್ಕ ಬರಹಗಳು ಒಂದೇ ಬಗೆಯ ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡು, ಅದು ‘ದಾನ’ ಎಂಬ ಮಾತಿರಬೇಕೆಂದು ಊಹಿಸಿ ಲಿಪಿಯನ್ನು ಬಿಡಿಸಿದರು. ಅಂಥ ಬರಹಗಳ ರಾಶಿ ಎಲ್ಲರ ಕಣ್ಣಿಗೂ ಬೀಳುವಂತೆ ಇದ್ದುದರಿಂದ ಆ ಊಹೆ ಸಾಧ್ಯವಾಯಿತು. ರೈಸ್ ಬ್ರಹ್ಮಗಿರಿಗೆ ಬಂದಾಗ ಓದುವ ಕೀಲಿ ಕೈಯಲ್ಲಿತ್ತು. ಐವತ್ತೈದು ವರ್ಷ ಮೊದಲು ಬಂದವರಿಗೆ ಅದೇ ಬಂಡೆ ಬರಿಯ ಗೀರುಗಳಾಗಿ ಕಾಣುತ್ತಿತ್ತು.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಅವನು, ತಾನು ಲಿಪಿಕಾರನೆಂದು ಹೇಳುವ ಕಡೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಎಂದರೆ ವಾಯವ್ಯ ಗಡಿಸೀಮೆಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿಯಲ್ಲಿ ಬರೆದ. ಒಂದೇ ಗಂಟಿನೊಳಗೆ ಎರಡು ಲಿಪಿ. ಈ ಇಕ್ಕಟ್ಟು ಕನ್ನಡಿಗರಿಗೆ ಹೊಸದಲ್ಲ. ಯೂನಿಕೋಡ್ ಬರುವ ಮೊದಲು, ಬಂದ ಮೇಲೂ ಬಹಳ ಕಾಲ, ನಮ್ಮ ಕಚೇರಿಗಳು, ಮುದ್ರಣಾಲಯಗಳು, ಪತ್ರಿಕೆಗಳು ಲಕ್ಷಾಂತರ ಪುಟಗಳನ್ನು ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳಲ್ಲಿ ಟೈಪ್ ಮಾಡಿದವು. ಆ ವ್ಯವಸ್ಥೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆಬುಡವಿಲ್ಲದ ಗುರುತುಗಳ ಸಾಲು. ಬೈಟುಗಳಲ್ಲಿ ಒಂದೂ ಕಳೆದಿರಲಿಲ್ಲ, ಕಳೆದದ್ದು ಓದುವ ಕ್ರಮ. ಇವುಗಳಲ್ಲಿ ನುಡಿ ಮತ್ತು ಬರಹದ ಪಠ್ಯಗಳನ್ನು ಇಂದು ಒಂದು ಗುಂಡಿ ಒತ್ತಿ ಯೂನಿಕೋಡಿಗೆ ತಿರುಗಿಸಬಹುದು. ಯಾವ ತುಂಡು ಯಾವ ಸಂಖ್ಯೆಯಲ್ಲಿದೆ ಎಂಬ ಪಟ್ಟಿ ಬಹಿರಂಗವಾಗಿದ್ದುದರಿಂದ ಪರಿವರ್ತಕಗಳನ್ನು ಬರೆಯಲು ಹಲವರಿಗೆ ಸಾಧ್ಯವಾಯಿತು. ಯಾವುದೋ ಕಂಪನಿಯ ಗುಟ್ಟಿನ ಫಾಂಟಿನಲ್ಲಿ ಸಿಕ್ಕಿಕೊಂಡ ಪುಸ್ತಕಗಳಿಗೆ ಈ ಭಾಗ್ಯವಿಲ್ಲ, ಅವನ್ನು ಮತ್ತೆ ಕೈಯಿಂದಲೇ ಟೈಪ್ ಮಾಡಬೇಕು.

ಇಷ್ಟು ಹೊತ್ತು ಗಂಟಿನ ಮಾತಾಯಿತು. ಕೀಲಿಯೂ ಬರಹವೇ, ಅದಕ್ಕೂ ಓದುವ ಕ್ರಮ ಬೇಕು. 2000ರ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿ ಪಹಣಿ ಹುಡುಕಿದವರಿಗೆಲ್ಲ ಒಂದು ಕೀಲಿಯ ರಚನೆ ಗೊತ್ತು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ. 45/2 ಎಂಬುದು ಊರೂರಲ್ಲಿ ಇರುತ್ತದೆ. ಚಿತ್ರದುರ್ಗ, ಮೊಳಕಾಲ್ಮೂರು, ದೇವಸಮುದ್ರ, ಆಮೇಲೆ ಗ್ರಾಮದ ಹೆಸರು ಎಂದು ಮುಂದೆ ಸೇರಿದಾಗಲೇ ಅದು ಒಂದೇ ಒಂದು ಹೊಲಕ್ಕೆ ಹೋಗುವ ಕೀಲಿಯಾಗುತ್ತದೆ. ರೆಡಿಸ್ ಬಳಸುವವರು ಈ ಭಾಗಗಳ ನಡುವೆ ಎರಡು ಚುಕ್ಕೆಗಳ ಗುರುತು ಹಾಕಿ ಉದ್ದನೆಯ ಕೀಲಿ ಕಟ್ಟುತ್ತಾರೆ, ಬೇರೆ ವ್ಯತ್ಯಾಸವಿಲ್ಲ. ತೊಂದರೆ ಬರುವುದು ಪೋಡಿಯಾದಾಗ. ಅಣ್ಣ ತಮ್ಮ ಪಾಲಾಗಿ ಹಿಸ್ಸಾ ಒಡೆದರೆ ಹಳೆಯ ಸಂಖ್ಯೆಯಲ್ಲಿ ಇಟ್ಟ ಗಂಟು ಯಾರದು? ಅದನ್ನು ತೋರಿಸುತ್ತಿದ್ದ ವಿಮೆಯ ದಾಖಲೆ, ಸಾಲದ ದಾಖಲೆ ಎತ್ತ ಹೋಗಬೇಕು? ಪಹಣಿಯ 11ನೇ ಕಲಂನಲ್ಲಿರುವ ಋಣ ಯಾರ ಪಾಲಿಗೆ? ಬದಲಾಗುವ ಸಂಗತಿಯನ್ನೇ ಕೀಲಿ ಮಾಡಿಕೊಂಡ ತಪ್ಪಿಗೆ ಕೀ-ವ್ಯಾಲ್ಯೂ ಸ್ಟೋರ್ ಉತ್ತರ ಕೊಡುವುದಿಲ್ಲ, ವಿನ್ಯಾಸ ಮಾಡುವವರು ಮೊದಲೇ ಯೋಚಿಸಿರಬೇಕು. ಓಮ್‌ನಂಥ ಲೈಬ್ರರಿ ತನ್ನದೇ ಸಂಖ್ಯೆ ಕೊಟ್ಟು, ಸರ್ವೆ ನಂಬರನ್ನು ಹುಡುಕುವ ಪಟ್ಟಿಗಷ್ಟೇ ಬಿಡುವುದು ಇದೇ ಕಾರಣಕ್ಕೆ. ಪ್ರತಿ ಜಮೀನಿಗೂ 14 ಅಕ್ಷರ-ಅಂಕಿಗಳ ಪ್ರತ್ಯೇಕ ಗುರುತು ಕೊಡುವ ಕೇಂದ್ರದ ‘ಭೂ-ಆಧಾರ್’ ಯೋಜನೆಯ ಹಿಂದೆಯೂ ಇಂಥದೇ ಯೋಚನೆ ಇದೆ.

ಕೀಲಿಗೆ ಊರಿನ ಹೆಸರನ್ನೇ ಬಳಸಿದರೆ ಇನ್ನೂ ನವಿರಾದ ತಪ್ಪು ಕಾದಿರುತ್ತದೆ. ರೆಡಿಸ್‌ನಲ್ಲಿ ಕನ್ನಡದ ಪದವೂ ಕೀಲಿಯಾಗಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ‘ದೇವಸಮುದ್ರ’ ಯೂನಿಕೋಡಿನಲ್ಲಿ 9 ಸಂಕೇತಗಳು, ಯುಟಿಎಫ್-8ರಲ್ಲಿ 27 ಬೈಟುಗಳು. ಆದರೆ ‘ದೇ’ಯಲ್ಲಿರುವ ಏತ್ವವನ್ನು ಎರಡು ರೀತಿಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ. ಎರಡನೆಯ ರೀತಿಯಲ್ಲಿ ಅದೇ ಹೆಸರು 30 ಬೈಟುಗಳಾಗುತ್ತದೆ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಸ್ಟೋರ್ ಹೋಲಿಸುವುದು ಬೈಟುಗಳನ್ನು, ಹಾಗಾಗಿ ಅದರ ಲೆಕ್ಕದಲ್ಲಿ ಇವು ಎರಡು ಬೇರೆ ಊರುಗಳು. ಮೊಳಕಾಲ್ಮೂರು, ಮೊಳಕಾಲ್ಮುರು ಎಂದು ಎರಡು ಬಗೆಯಲ್ಲಿ ಬರೆಯುವ ರೂಢಿ ಬೇರೆ ಇದೆಯಲ್ಲ. ಇದಕ್ಕೆ ಮದ್ದೂ ಇದೆ: ಕೀಲಿಯಾಗುವ ಮುನ್ನ ಪಠ್ಯವನ್ನು ಒಂದೇ ರೂಪಕ್ಕೆ ತರುವ ಕ್ರಮವನ್ನು ಯೂನಿಕೋಡ್ ಒಕ್ಕೂಟವೇ ಗೊತ್ತುಮಾಡಿದೆ. ಕನ್ನಡದ ಹೆಸರುಗಳನ್ನು ಇಡುವ ಪ್ರತಿಯೊಂದು ಲೈಬ್ರರಿಯೂ ಅದನ್ನು ಪಾಲಿಸುತ್ತದೆಯೇ ಎಂದು ನೋಡಬೇಕಾದರೆ ಕೋಡು ಕಣ್ಣೆದುರಿಗಿರಬೇಕು. ಮುಚ್ಚಿದ ಕೋಡಿನಲ್ಲಿ ಈ ತಪ್ಪು ಗೊತ್ತಾಗುವುದು ರೈತರಿಗೆ ‘ನಿಮ್ಮ ವಿವರ ಲಭ್ಯವಿಲ್ಲ’ ಎಂದು ಉತ್ತರ ಬಂದಾಗ.

ಇದಕ್ಕೆಲ್ಲ ಆಕ್ಷೇಪಗಳಿವೆ, ಕೆಲವು ತೂಕದವು. ಇಷ್ಟು ತಾಪತ್ರಯವೇಕೆ, ಕೋಷ್ಟಕಗಳ ಹಳೆಯ ಡೇಟಾಬೇಸ್ ಇಲ್ಲವೇ, ಸಾಲು ಕಲಂ ಎಲ್ಲ ಅಚ್ಚುಕಟ್ಟಾಗಿ ಇರುತ್ತವಲ್ಲ ಎಂಬುದು ಮೊದಲನೆಯದು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಪಹಣಿ, ಷೇರುದಾರರ ಖಾತೆ, ಸಾಲದ ಲೆಕ್ಕ ಇವೆಲ್ಲ ಕೋಷ್ಟಕದಲ್ಲೇ ಇರಬೇಕು. ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಆಗಲೇಬೇಕೆಂಬ ಶಿಸ್ತು ಅಲ್ಲಿ ಸುಲಭ. ರೆಡಿಸ್‌ನಂಥವು ಮುಖ್ಯವಾಗಿ ಮೆಮೊರಿಯಲ್ಲಿ ಕೆಲಸ ಮಾಡುತ್ತವೆ. ಪ್ರತಿ ಬದಲಾವಣೆಯನ್ನೂ ಡಿಸ್ಕಿಗೆ ದಾಖಲಿಸು ಎಂದು ಹೇಳಿಟ್ಟರೂ, ರೂಢಿಯ ಹೊಂದಿಕೆಯಲ್ಲಿ ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುವುದರಿಂದ ಕರೆಂಟ್ ಹೋದಾಗ ಕೊನೆಯ ಒಂದು ಸೆಕೆಂಡಿನ ಬರಹ ಹೋಗಬಹುದು. ಹಣದ ಲೆಕ್ಕಕ್ಕೆ ಒಂದು ಸೆಕೆಂಡೂ ದೊಡ್ಡದು. ಆದರೆ ಹೊಲದಲ್ಲಿ ಸಿಗ್ನಲ್ ಇಲ್ಲದ ಫೋನು, ಅರ್ಧ ತುಂಬಿದ ಅರ್ಜಿ, ಒಂದೇ ಹೊತ್ತಿಗೆ ಸಾವಿರಾರು ಜನ ಲಾಗಿನ್ ಆದ ಜಾಲತಾಣ, ಇಂಥ ಕಡೆ ಗಂಟನ್ನು ಬೇಗ ಇಟ್ಟು ಬೇಗ ತೆಗೆಯುವ ಅಗತ್ಯ ನಿಜವಾದದ್ದು. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಬರೆದು 2011ರಲ್ಲಿ ಮುಕ್ತವಾದ ಲೆವೆಲ್‌ಡಿಬಿಯಂಥ ಪುಟ್ಟ ಸ್ಟೋರುಗಳು ಸರ್ವರ್ ಇಲ್ಲದೆ, ಆ್ಯಪಿನೊಳಗೇ ಕೂತು ಆ ಕೆಲಸ ಮಾಡುತ್ತವೆ. ಅವು ಹೋಗುವುದಿಲ್ಲ, ಹೆಚ್ಚುತ್ತವೆ. ಹೆಚ್ಚುವುದರಿಂದಲೇ ಗಂಟಿನ ಕ್ರಮದ ಪ್ರಶ್ನೆ ಕೇಳಬೇಕಾಗಿದೆ.

ಓದಲು ಬರುವಂತೆ ಬರೆದರೆ ಯಾರು ಬೇಕಾದರೂ ರೈತರ ಸಾಲ, ಆಧಾರ್ ಸಂಖ್ಯೆ ಓದಿಬಿಡುವುದಿಲ್ಲವೇ ಎಂಬ ಭಯ ಎರಡನೆಯದು. ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಬರೆಯುವ ಕ್ರಮ ಬಹಿರಂಗವಾಗಿರುವುದು ಬೇರೆ, ಬರೆದದ್ದು ಬಹಿರಂಗವಾಗಿರುವುದು ಬೇರೆ. ಗೂಢಲಿಪಿಯ ಸುರಕ್ಷತೆ ಅದರ ವಿಧಾನದ ಗುಟ್ಟಿನಲ್ಲಿರದೆ ಕೀಲಿಯ ಗುಟ್ಟಿನಲ್ಲಿರಬೇಕೆಂದು 1883ರಲ್ಲೇ ಆಗುಸ್ಟ್ ಕೆರ್ಕ್‌ಹಾಫ್ಸ್ ವಾದಿಸಿದ್ದರು. ಇಂದು ನಿಮ್ಮ ಬ್ಯಾಂಕ್ ಆ್ಯಪ್ ಬಳಸುವ ಗೂಢಲಿಪಿಯ ವಿಧಾನಗಳು ಪುಸ್ತಕಗಳಲ್ಲಿ ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ಗಂಟನ್ನು ಸಾದಾ ಕ್ರಮದಲ್ಲಿ ಕಟ್ಟಿ, ಅದಕ್ಕೆ ಬೀಗ ಹಾಕಿ, ಬೀಗದ ಕೈ ಸಂಘದ ಬಳಿ ಇರಲಿ. ನಾನು ವಿರೋಧಿಸುವುದು ಸಾಫ್ಟ್‌ವೇರ್ ಕಂಪನಿಯ ಬಳಿ ಮಾತ್ರ ಇರುವ ಬೀಗದ ಕೈಯನ್ನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ವಿವರ ಏನೇನು ಬಳಕೆಯಾಗುತ್ತಿದೆ ಎಂದು ಕೇಳುವ ಹಕ್ಕನ್ನು ಕೊಡುತ್ತದೆ. ಗಂಟಿನೊಳಗೆ ಏನಿದೆ ಎಂದು ಸಂಘಕ್ಕೇ ಓದಲು ಬಾರದಿದ್ದರೆ ಸದಸ್ಯರಿಗೆ ಅದು ಏನೆಂದು ಉತ್ತರ ಕೊಡಬೇಕು?

ವೇಗದ ಮಾತನ್ನು ಬೇಗ ಮುಗಿಸಬಹುದು. ಸಾದಾ ಅಕ್ಷರಗಳಲ್ಲಿ ಬರೆದರೆ ಜಾಗ ಹೆಚ್ಚು, ವೇಗ ಕಡಿಮೆ, ನಿಜ. ಒತ್ತಿ ಕಟ್ಟುವ ಕ್ರಮಗಳೂ ಬೇಕು. ಗೂಗಲ್ 2008ರಲ್ಲಿ ಮುಕ್ತಗೊಳಿಸಿದ ಪ್ರೋಟೊಕಾಲ್ ಬಫರ್ಸ್ ಅಂಥದ್ದು: ಗಂಟು ಚಿಕ್ಕದು, ಬರಿಗಣ್ಣಿಗೆ ಓದಲು ಬಾರದು, ಆದರೆ ಯಾವ ಕಲಂ ಎಲ್ಲಿದೆ ಎಂದು ಹೇಳುವ ಒಂದು ಪುಟ್ಟ ವಿವರಣೆಯ ಕಡತ ಜೊತೆಗಿರುತ್ತದೆ. ಆ ಕಡತ ಕೈಯಲ್ಲಿದ್ದರೆ ಜಾವಾ, ಪೈಥಾನ್, ಗೋ ಯಾವುದರಲ್ಲಾದರೂ ಬಿಚ್ಚಬಹುದು. ಅದು ಸಾಕು.

ಓಪನ್ ಸೋರ್ಸ್ ನಂಬಿ ಹೇಗೆ ಕೂರುವುದು, ನಾಳೆ ಬರೆದವರೇ ಕೈಬಿಟ್ಟರೆ ಅಥವಾ ನಿಯಮ ಬದಲಿಸಿದರೆ ಎಂಬ ಆಕ್ಷೇಪ ಮಾತ್ರ ಕಟುವಾದದ್ದು, ಅದು ನಡೆದೂ ಇದೆ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ ತನ್ನ ಉದಾರ ಬಿಎಸ್‌ಡಿ ಪರವಾನಗಿ ಬಿಟ್ಟು ಬಿಗಿಯಾದ ಪರವಾನಗಿಗೆ ಹೋಯಿತು. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಬಳಸುವವರು ಹೊಸ ಕರಾರಿಗೆ ಸಹಿ ಹಾಕಬೇಕಿತ್ತು, ಇಲ್ಲವೇ ಬಿಡಬೇಕಿತ್ತು. ಇಲ್ಲಿ ಆದದ್ದೇ ಬೇರೆ. ಅದೇ ತಿಂಗಳಲ್ಲಿ ಹಳೆಯ ಪರವಾನಗಿಯಲ್ಲಿದ್ದ ಆವೃತ್ತಿಯಿಂದ ಕವಲೊಡೆದು ವಾಲ್ಕಿ ಎಂಬ ಸ್ಟೋರ್ ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ಹುಟ್ಟಿತು. ಹಳೆಯ ಕೀಲಿ, ಹಳೆಯ ಗಂಟು ಎಲ್ಲವೂ ಅದರಲ್ಲಿ ಹಾಗೆಯೇ ತೆರೆದವು. 2025ರಲ್ಲಿ ರೆಡಿಸ್ ಕೂಡ ಮತ್ತೆ ಒಂದು ಮುಕ್ತ ಪರವಾನಗಿಯನ್ನು ಸೇರಿಸಿಕೊಂಡಿತು. ದೊಡ್ಡ ಯೋಜನೆಗಳಿಗೆ ಹೀಗೆ ಕೈಹಿಡಿಯುವವರು ಸಿಗುತ್ತಾರೆ. ಇಬ್ಬರು ಮೂವರು ನಡೆಸುವ ಓಮ್‌ನಂಥ ಸಣ್ಣ ಲೈಬ್ರರಿಗಳಿಗೆ ಸಿಗದೆಯೂ ಹೋಗಬಹುದು. ಬೆಂಗಳೂರಿನ ಝೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಸ್ಥಾಪಿಸಿದ್ದು ಮೆಚ್ಚಬೇಕಾದ ಕೆಲಸ. ಆದರೂ ಜಗತ್ತಿನ ಸಣ್ಣ ಲೈಬ್ರರಿಗಳನ್ನೆಲ್ಲ ಒಂದು ನಿಧಿ ಸಾಕಲಾರದು. ಹಾಗಾಗಿ ಲೈಬ್ರರಿ ಸಾಯಬಹುದು ಎಂದೇ ಎಣಿಸಿ ಗಂಟು ಕಟ್ಟಬೇಕು. ಓಮ್ ಸತ್ತರೂ ಅದು ಇಟ್ಟದ್ದು ಓದಿಸಿಕೊಳ್ಳುತ್ತದೆ, ಪಿಕಲ್ ಕಟ್ಟಿದ್ದು ಓದಿಸಿಕೊಳ್ಳಲಾರದು. ಎರಡರ ನಡುವೆ ಆಯ್ಕೆ ಮಾಡಬೇಕಾದಾಗ ಕೋಡಿನ ವಯಸ್ಸು, ಜನಪ್ರಿಯತೆ ಇವುಗಳಿಗಿಂತ ಈ ಒಂದು ವ್ಯತ್ಯಾಸಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಇದು ಬೆಂಗಳೂರಿನ ಕಂಪನಿಗಳ ತಲೆನೋವು, ಹೋಬಳಿಯ ಮಟ್ಟದಲ್ಲಿ ಯಾರಿಗೆ ಬೇಕು ಎನ್ನುವವರು 2022ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸಂಪುಟ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು ಆಗ. ಕೆಂಪು ರಟ್ಟಿನ ಲೆಡ್ಜರುಗಳಲ್ಲಿದ್ದ ಷೇರು, ಸಾಲ, ಗೊಬ್ಬರದ ಲೆಕ್ಕ ಪರದೆಗೆ ಬರುತ್ತಿದೆ. ಹಾಲಿನ ಡೇರಿಗಳು, ಸ್ವಸಹಾಯ ಸಂಘಗಳು, ರೇಷ್ಮೆ ನೇಕಾರರ ಸಂಘಗಳು ತಮ್ಮ ತಮ್ಮ ಕೈಗೆ ಸಿಕ್ಕ ಸಾಫ್ಟ್‌ವೇರ್ ಕೊಳ್ಳುತ್ತಿವೆ. ಲೆಡ್ಜರಿಗೆ ಗೆದ್ದಲು ಹಿಡಿಯಬಹುದಿತ್ತು, ಆದರೆ ಅದನ್ನು ಓದಲು ಲೆಡ್ಜರ್ ಮಾರಿದ ಅಂಗಡಿಯವರನ್ನು ಯಾರೂ ಕರೆಯಬೇಕಿರಲಿಲ್ಲ. ಈಗ ಕೊಳ್ಳುವ ಸಾಫ್ಟ್‌ವೇರಿಗೂ ಆ ಗುಣವನ್ನು ಕರಾರಿನಲ್ಲೇ ಬರೆಸಿಕೊಳ್ಳಬಹುದು, ಅದಕ್ಕೆ ದೊಡ್ಡ ತಾಂತ್ರಿಕ ಜ್ಞಾನವೇನೂ ಬೇಡ. ಸೆಪ್ಟೆಂಬರ್‌ನಲ್ಲಿ ನಿಮ್ಮ ಸಂಘದ ವಾರ್ಷಿಕ ಮಹಾಸಭೆ ನಡೆಯುವಾಗ ಎದ್ದು ನಿಂತು ಕಾರ್ಯದರ್ಶಿಯವರನ್ನು ಮೂರು ಮಾತು ಕೇಳಿ: ನಮ್ಮ ಲೆಕ್ಕವನ್ನು ಈ ಸಾಫ್ಟ್‌ವೇರ್ ಯಾವ ಕ್ರಮದಲ್ಲಿ ಬರೆದಿಡುತ್ತದೆ, ಆ ಕ್ರಮದ ವಿವರಣೆ ಕಾಗದದಲ್ಲಿ ನಮ್ಮ ಬಳಿ ಇದೆಯೇ, ಕಂಪನಿಯ ಸಹಾಯವಿಲ್ಲದೆ ಇಡೀ ಲೆಕ್ಕವನ್ನು ಹೊರತೆಗೆದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದೀರಾ? ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ಹಾಗೆ ತೆರೆದು ತೋರಿಸುವವರೆಗೆ ಮುಂದಿನ ವರ್ಷದ ಸಾಫ್ಟ್‌ವೇರ್ ಬಾಬತ್ತಿನ ಹಣಕ್ಕೆ ಒಪ್ಪಿಗೆ ಕೊಡಬೇಡಿ.